ಗುರುತ್ವದಿಂದ ನಡೆಯುವ ವಿಂಗಡಣೆ ಯಂತ್ರದ ಕಿಟ್: ಸಾಮಾನು ಚೆನ್ನಾಗಿದೆ, ಪುಸ್ತಿಕೆ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 3. ಪೆಟ್ಟಿಗೆಯೊಳಗಿನ ಸಾಮಾನಿಗೆ 4 ಕೊಡಬಹುದು, ಜೊತೆಗೆ ಬಂದ ಪುಸ್ತಿಕೆಗೆ 2 ಕೊಟ್ಟರೂ ಜಾಸ್ತಿಯೇ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ಬರೀ ಗುರುತ್ವದಿಂದ ಬೇರೆ ಬೇರೆ ಗಾತ್ರದ ವಸ್ತುಗಳನ್ನು ವಿಂಗಡಿಸಬೇಕು ಅನ್ನೋದು ಎಂಜಿನಿಯರಿಂಗ್ ಮಕ್ಕಳಿಗೆ ಕೊಡುವ ಹಳೆಯ ಪ್ರಾಜೆಕ್ಟ್. ಅದಕ್ಕೆಂದೇ ಮಾಡಿದ ಕಿಟ್ ಇದು. ನಾನು ವರ್ಕ್‌ಶಾಪ್ ನೋಡಿಕೊಳ್ಳುವವನು. ಕೆಲವು ತಂಡಗಳ ಜೊತೆ ಕೂತು ಇದನ್ನು ಜೋಡಿಸಿ, ಬಿಚ್ಚಿ, ಬೇರೆ ಥರ ಜೋಡಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಇದೇ ಮಾದರಿಯ ಕಿಟ್‌ಗಳು ಬಹಳ ಇವೆ, ಒಂದರ ದೋಷ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ.

ಒಳಗೆ ಏನಿದೆ ಅಂದರೆ, ಲೇಸರ್‌ನಲ್ಲಿ ಕತ್ತರಿಸಿದ 3 ಮಿಮೀ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಳೆಗಳು, ಮುಂಭಾಗಕ್ಕೆ ಒಂದು ಅಕ್ರಿಲಿಕ್ ಹಾಳೆ, ಎಂ3 (3 ಮಿಮೀ ದಪ್ಪದ) ಬೋಲ್ಟು ನಟ್ಟುಗಳ ಒಂದು ಚೀಲ, ಅಲೆನ್ ಕೀ, 4 ಮಿಮೀ ದಪ್ಪದ ಎರಡು ಸ್ಟೀಲ್ ಸರಳು, ಒಂದು ಪುಟ್ಟ ಆಯಸ್ಕಾಂತ. ವಿಂಗಡಿಸುವುದಕ್ಕೆ 10 ಮಿಮೀ ಸ್ಟೀಲ್ ಗುಂಡುಗಳು, 16 ಮಿಮೀ ಗಾಜಿನ ಗೋಲಿಗಳು, 20 ಮಿಮೀ ಮರದ ಚೆಂಡುಗಳು. ಮೇಲೆ ಹಾಪರ್, ಅಂದರೆ ಚೆಂಡು ತುಂಬುವ ಆಲಿಕೆಯಂಥ ಪೆಟ್ಟಿಗೆ, ಅದರ ಕೆಳಗೆ ಒಂದೊಂದೇ ಬಿಡುವ ತೂಗುಪಟ್ಟಿ, ಆಮೇಲೆ ಇಳಿಜಾರು ಹಲಗೆ, ಹಲಗೆಯಲ್ಲಿ ಎರಡು ತೂತು, ಕೆಳಗೆ ಮೂರು ಡಬ್ಬಿ. ಮೊದಲು 12 ಮಿಮೀ ತೂತು, ಆಮೇಲೆ 18 ಮಿಮೀ ತೂತು. ಸಣ್ಣದು ಮೊದಲನೆಯದರಲ್ಲಿ ಬೀಳಬೇಕು, ನಡುವಿನದು ಎರಡನೆಯದರಲ್ಲಿ, ದೊಡ್ಡದು ಕೊನೆಯವರೆಗೆ ಉರುಳಿ ಆಚೆ ಬೀಳಬೇಕು. ನೋಡಿದರೆ ಇದರಲ್ಲಿ ಕೆಡುವುದಕ್ಕೆ ಏನಿದೆ ಅನಿಸುತ್ತದೆ ಅಲ್ವಾ?

ಕೆಡುವುದು ವೇಗದಲ್ಲಿ. ಪುಸ್ತಿಕೆ ಹಲಗೆಯನ್ನು 15 ಡಿಗ್ರಿ ಓರೆಯಲ್ಲಿ ನಿಲ್ಲಿಸಿ ಅನ್ನುತ್ತದೆ. ಯಾಕೆ 15, ಅದಕ್ಕೆ ಉತ್ತರ ಇಲ್ಲ. ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಇರಬೇಕು. ಹಾಗೆ ನಿಲ್ಲಿಸಿ ಬಿಟ್ಟರೆ ಸ್ಟೀಲ್ ಗುಂಡು ಒಂದೊಂದು ಸಲ ತನ್ನ ತೂತಿಗೆ ಬೀಳುತ್ತದೆ, ಒಂದೊಂದು ಸಲ ಅದರ ಮೇಲೆ ಹಾರಿಹೋಗಿ ಗೋಲಿಯ ಡಬ್ಬಿ ಸೇರುತ್ತದೆ. ಗೋಲಿ ಅಂತೂ ಬಹುಪಾಲು ಕೊನೆಗೇ ಹೋಗುತ್ತದೆ. ಮಕ್ಕಳು ಮೊದಲು ಮಾಡುವುದು ತೂತನ್ನು ಉಜ್ಜಿ ದೊಡ್ಡದು ಮಾಡುವುದು. ಆಗ ಬೇರೆ ತಾಪತ್ರಯ ಶುರುವಾಗುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ಲೆಕ್ಕ ಕಷ್ಟದ್ದಲ್ಲ. 16 ಮಿಮೀ ಗೋಲಿ 18 ಮಿಮೀ ತೂತಿನೊಳಗೆ ಬೀಳಬೇಕಾದರೆ, ತೂತಿನ ಆಚೆ ಅಂಚಿಗೆ ತಾಗುವಷ್ಟರಲ್ಲಿ ಅದರ ನಡುಮಧ್ಯ ಕನಿಷ್ಠ ಅರ್ಧ ಗೋಲಿಯಷ್ಟು, ಅಂದರೆ 8 ಮಿಮೀ, ಕೆಳಗಿಳಿದಿರಬೇಕು. 8 ಮಿಮೀ ಬೀಳುವುದಕ್ಕೆ ಸುಮಾರು 0.04 ಸೆಕೆಂಡ್ ಬೇಕು. ಅಷ್ಟರಲ್ಲಿ ಮುಂದೆ ಹೋಗುವುದಕ್ಕೆ ಇರುವ ಜಾಗ 10 ಮಿಮೀ. ಹಾಗಾಗಿ ಗೋಲಿ ಸೆಕೆಂಡಿಗೆ 25 ಸೆಂಮೀಗಿಂತ ಜೋರಾಗಿ ಬಂದರೆ ಬೀಳುವ ಭರವಸೆ ಇಲ್ಲ. ಗಟ್ಟಿ ಗೋಳ ಜಾರದೆ ಉರುಳುವಾಗ ಅದರ ವೇಗೋತ್ಕರ್ಷ (ವೇಗ ಏರುವ ದರ) ಬರೀ ಜಾರುವ ವಸ್ತುವಿನ 5/7 ಭಾಗ, ಉಳಿದದ್ದು ಗಿರಗಿರ ತಿರುಗುವುದಕ್ಕೆ ಖರ್ಚಾಗುತ್ತದೆ. ಅದನ್ನೂ ಹಿಡಿದೇ ಲೆಕ್ಕ ಹಾಕಿ. 15 ಡಿಗ್ರಿಯಲ್ಲಿ ಆ 25 ಸೆಂಮೀ ವೇಗ ಬರುವುದಕ್ಕೆ ಎಷ್ಟು ದೂರ ಉರುಳಬೇಕು ಗೊತ್ತಾ? 2 ಸೆಂಮೀಗೂ ಕಡಿಮೆ. ಕಿಟ್‌ನಲ್ಲಿ ಎರಡನೇ ತೂತು ಇರುವುದು ಹಲಗೆಯ ಅರ್ಧ ದಾಟಿದ ಮೇಲೆ. ಅಲ್ಲಿಗೆ ಬರುವಷ್ಟರಲ್ಲಿ ಗೋಲಿಗೆ ತೂತು ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಓರೆಯನ್ನು 3 ಡಿಗ್ರಿಗೆ ಇಳಿಸಿದರೆ ಆ ದೂರ 8.5 ಸೆಂಮೀ ಆಗುತ್ತದೆ. ವಾಸಿ. ಆದರೆ ಸಾಲದು, ಯಾಕೆಂದರೆ ಈಗ ಇನ್ನೊಂದು ಕಡೆಯಿಂದ ಪೆಟ್ಟು ಬೀಳುತ್ತದೆ. ನಿಧಾನಕ್ಕೆ ಬಂದ 20 ಮಿಮೀ ಮರದ ಚೆಂಡು 18 ಮಿಮೀ ತೂತಿನ ಮೇಲೆ ಬಂದಾಗ ಸುಮಾರು 5.6 ಮಿಮೀ ಒಳಗೆ ಕುಸಿದು ಕೂತುಬಿಡುತ್ತದೆ. ಒಮ್ಮೆ ಕೂತರೆ ಮುಗಿಯಿತು, ಹಲಗೆಯನ್ನು 64 ಡಿಗ್ರಿ ಎತ್ತುವವರೆಗೆ ತಾನಾಗಿ ಏಳುವುದಿಲ್ಲ. ಕೂರದೆ ದಾಟಬೇಕಾದರೆ ವೇಗ ಬೇಕು. ಶಕ್ತಿಯ ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 28 ಸೆಂಮೀ. ಗೋಲಿ ಬೀಳುವುದಕ್ಕೆ 25ಕ್ಕಿಂತ ಕಡಿಮೆ ಇರಬೇಕು, ಚೆಂಡು ದಾಟುವುದಕ್ಕೆ 28ರ ಹತ್ತಿರ ಇರಬೇಕು. ಒಂದೇ ಹಲಗೆಯಲ್ಲಿ ಬರುವ ಎರಡಕ್ಕೂ ವೇಗ ಒಂದೇ. ಗಟ್ಟಿ ಗೋಳಗಳಿಗೆ ತೂಕ, ಗಾತ್ರ ಏನೇ ಇರಲಿ, ಅದೇ 5/7. ಇದು ಸ್ಥೂಲ ಲೆಕ್ಕ ನಿಜ, ಚೆಂಡು ಪೂರ್ತಿ ಕುಸಿಯುವ ಮೊದಲೇ ಆಚೆ ಅಂಚಿಗೆ ತಾಗಿ ದಾಟುವುದೂ ಉಂಟು. ಆದರೂ ವೇಗ ಹೊಂದಿಸುವುದಕ್ಕೆ ಸಿಗುವ ಅವಕಾಶ ಎಷ್ಟು ಸಣ್ಣದು ಅನ್ನುವುದು ಇದರಿಂದ ತಿಳಿಯುತ್ತದೆ. ತೂತು ಉಜ್ಜಿ 19 ಮಾಡಿದವರ ಚೆಂಡುಗಳು ಇನ್ನೂ ಆಳಕ್ಕೆ ಕೂರುತ್ತವೆ. ಆಗ ತಳ್ಳುವುದಕ್ಕೆ ಬೆರಳು ಬೇಕು, ಬೆರಳು ಹಾಕಿದರೆ ಗುರುತ್ವದ ಯಂತ್ರ ಎಲ್ಲಿ ಉಳಿಯಿತು?

ಇದಿಷ್ಟನ್ನೂ ಪುಸ್ತಿಕೆ ಒಂದು ಪುಟದಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಇದು ಒಳ್ಳೆಯ ಕಲಿಕೆಯ ಕಿಟ್ ಆಗುತ್ತಿತ್ತು. ಅದರ ಬದಲು "ಚೆಂಡು ಸರಿಯಾಗಿ ಬೀಳದಿದ್ದರೆ ಬೋಲ್ಟುಗಳನ್ನು ಬಿಗಿ ಮಾಡಿ" ಅಂತ ಬರೆದಿದ್ದಾರೆ. ಯಾವ ಬೋಲ್ಟು, ಯಾಕೆ? ಬೋಲ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಈಗ ಒಳ್ಳೆಯ ಸುದ್ದಿ. ಪೆಟ್ಟಿಗೆಯಲ್ಲಿರುವ ಆ ಎರಡು ಸ್ಟೀಲ್ ಸರಳು ಇವೆಯಲ್ಲ, ಪುಸ್ತಿಕೆಯ ಪ್ರಕಾರ ಅವು ಚೌಕಟ್ಟು ಅಲುಗಾಡದಂತೆ ಹಿಂದೆ ಅಡ್ಡ ಹಾಕುವುದಕ್ಕೆ. ಅವನ್ನು ಅಲ್ಲಿಂದ ಕಿತ್ತು ತೂತಿನ ಹಲಗೆಯ ಜಾಗದಲ್ಲಿ ಹಳಿಗಳ ಹಾಗೆ ಹಾಕಿ. ಒಂದು ತುದಿಯಲ್ಲಿ ಸಂದು ಕಡಿಮೆ, ಇನ್ನೊಂದು ತುದಿಯಲ್ಲಿ ಜಾಸ್ತಿ. ಚೆಂಡು ಎರಡು ಹಳಿಯ ಮೇಲೆ ಉರುಳುತ್ತಾ ಹೋಗುತ್ತದೆ, ಸಂದು ತನ್ನ ಗಾತ್ರದಷ್ಟು ಆದ ಕಡೆ ಬೀಳುತ್ತದೆ. ಹಣ್ಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ದೊಡ್ಡ ಯಂತ್ರಗಳಲ್ಲೂ ಅಗಲವಾಗುತ್ತಾ ಹೋಗುವ ರೋಲರ್‌ಗಳ ಇದೇ ಉಪಾಯ ಇರುತ್ತದೆ. ಹಾರಿಹೋಗುವುದಕ್ಕೆ ಅಂಚಿಲ್ಲ, ಕುಸಿದು ಕೂರುವುದಕ್ಕೆ ಗುಂಡಿಯೂ ಇಲ್ಲ.

ಅಳತೆ ಬೇಕಾದವರಿಗೆ: 300 ಮಿಮೀ ಉದ್ದದ ಹಳಿ, ಮೇಲ್ತುದಿಯಲ್ಲಿ ಒಳಸಂದು 9 ಮಿಮೀ, ಕೆಳತುದಿಯಲ್ಲಿ 18 ಮಿಮೀ. ಹೀಗಿದ್ದರೆ 10 ಮಿಮೀ ಗುಂಡು ಸುಮಾರು 33 ಮಿಮೀ ಹೋಗಿ ಬೀಳುತ್ತದೆ, ಗೋಲಿ ಸುಮಾರು 233ರ ಹತ್ತಿರ, ಮರದ ಚೆಂಡು ಕೊನೆಯವರೆಗೆ ಹೋಗಿ ಆಚೆ ಬೀಳುತ್ತದೆ. ಸಂದಿನ 1 ಮಿಮೀ ಅಂದರೆ ಹಳಿಯ ಮೇಲೆ 33 ಮಿಮೀ. ಇದು ಮುಖ್ಯ. ಗಾಜಿನ ಗೋಲಿಗಳು ಎಲ್ಲವೂ ಒಂದೇ ಅಳತೆ ಇರುವುದಿಲ್ಲ, ಅರ್ಧ ಮಿಮೀ ಆಚೀಚೆ ಇರುವುದು ಮಾಮೂಲು. ಅಂದರೆ ಬೀಳುವ ಜಾಗ 17 ಮಿಮೀ ಆಚೀಚೆ ಆಗುತ್ತದೆ. ಡಬ್ಬಿಗಳ ನಡುವಿನ ಗೋಡೆಯನ್ನು ಗೋಲಿ ಬೀಳುವ ಜಾಗಕ್ಕೆ ತೀರಾ ಹತ್ತಿರ ಇಡಬೇಡಿ. ಜೋಡಿಸುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಒಂದಷ್ಟು ಗೋಲಿ ಅಳೆದು ಬರೆದುಕೊಳ್ಳಿ. ವೈವಾದಲ್ಲಿ ಕೇಳಿದರೆ ಉತ್ತರ ಕೈಯಲ್ಲಿರುತ್ತದೆ.

ಕೆಳತುದಿಯ ಸಂದನ್ನು 19ಕ್ಕೆ ಒಯ್ಯಬೇಡಿ, 18 ಸಾಕು. ಇದಕ್ಕೊಂದು ಸೊಗಸಾದ ಕಾರಣ ಇದೆ. ಚಪ್ಪಟೆ ಹಲಗೆಯ ಮೇಲೆ ಚೆಂಡು ತನ್ನ ಪೂರ್ತಿ ತ್ರಿಜ್ಯದ ಮೇಲೆ ಉರುಳುತ್ತದೆ. ಎರಡು ಹಳಿಯ ಮೇಲೆ ಹಾಗಲ್ಲ. ಸಂದು ಅಗಲವಾದಷ್ಟೂ ಚೆಂಡು ಕೆಳಗಿಳಿಯುತ್ತದೆ, ಹಳಿ ತಾಗುವ ಜಾಗ ಚೆಂಡಿನ ಬದಿಗೆ ಸರಿಯುತ್ತದೆ, ಉರುಳುವ ತ್ರಿಜ್ಯ ಕಿರಿದಾಗುತ್ತದೆ. ಆ ತ್ರಿಜ್ಯ ಅರ್ಧವಾದಾಗ ವೇಗೋತ್ಕರ್ಷ 0.71 ಪಾಲಿನಿಂದ 0.38ಕ್ಕೆ ಇಳಿಯುತ್ತದೆ. ಅಂದರೆ ಬೀಳುವ ಜಾಗ ಹತ್ತಿರ ಬಂದಂತೆ ಚೆಂಡು ತಾನೇ ಬ್ರೇಕ್ ಹಾಕಿಕೊಂಡು, ಮುಂದೆ ಹೋಗುವುದು ಕಡಿಮೆ ಮಾಡಿ, ಇದ್ದಲ್ಲೇ ಜೋರಾಗಿ ತಿರುಗುತ್ತದೆ. ನಮಗೆ ಬೇಕಾದದ್ದೂ ಅದೇ. ಆದರೆ 20 ಮಿಮೀ ಚೆಂಡಿಗೆ 19 ಮಿಮೀ ಸಂದು ಕೊಟ್ಟರೆ ಆ ಪಾಲು 0.17ಕ್ಕೆ ಬರುತ್ತದೆ. ಹಗುರ ಮರದ ಚೆಂಡು, ಒರಟು ಮೈ, ಹಳಿಗಳನ್ನು ಎರಡೂ ಕಡೆ ತಳ್ಳುತ್ತಾ ನಿಂತೇಬಿಡಬಹುದು.

ಸುಮ್ನೆ ಒಂದು ಮಾತು: ಅಗಲವಾಗುತ್ತಾ ಹೋಗುವ ಹಳಿಗಳನ್ನು ಪೂರ್ತಿ ಸಮತಟ್ಟಾಗಿ ಇಟ್ಟರೂ ಚೆಂಡು ಅಗಲದ ಕಡೆಗೇ ಉರುಳುತ್ತದೆ. ಹಳಿ ಇಳಿಯದಿದ್ದರೂ ಚೆಂಡಿನ ನಡುಮಧ್ಯ ಇಳಿಯುತ್ತಿರುತ್ತದಲ್ಲ. ಅಗಲದ ತುದಿಯನ್ನು ಒಂಚೂರು ಮೇಲೆತ್ತಿದರೆ ನೋಡುವವರಿಗೆ ಚೆಂಡು ಏರು ಹತ್ತಿದಂತೆ ಕಾಣುತ್ತದೆ. ಪ್ರಾಜೆಕ್ಟ್ ತೋರಿಸುವ ದಿನ ಇದನ್ನು ಮಾಡಿ ತೋರಿಸಿ, ನೋಡಲು ಬಂದವರು ಅಲ್ಲೇ ನಿಲ್ಲುತ್ತಾರೆ.

ಹಳಿಗೆ 3 ಡಿಗ್ರಿ ಓರೆಯಿಂದ ಶುರು ಮಾಡಿ. 300 ಮಿಮೀ ಹಳಿಗೆ ಅದು ಸುಮಾರು 16 ಮಿಮೀ ಎತ್ತರ, ಅಷ್ಟೇ. ಫೋನಿನ ಲೆವೆಲ್ ಆಪ್ ಹಿಡಿದು ಒದ್ದಾಡುವುದಕ್ಕಿಂತ ಸ್ಕೇಲ್ ಹಿಡಿದು ಎತ್ತರ ಅಳೆಯುವುದು ಸುಲಭ. ಡಬ್ಬಿಯ ತಳಕ್ಕೆ ಬಟ್ಟೆಯ ತುಂಡೋ ಸ್ಪಂಜೋ ಹಾಸಿ, ಯಾಕೆಂದರೆ ಜೋರಾಗಿ ತಿರುಗುತ್ತಾ ಬಿದ್ದ ಗೋಲಿ ತಳ ಮುಟ್ಟಿದ ಕೂಡಲೇ ಮುಂದಕ್ಕೆ ಚಿಮ್ಮಿ ಪಕ್ಕದ ಡಬ್ಬಿ ಸೇರುತ್ತದೆ. ವಿಂಗಡಣೆ ಸರಿಯಾಗಿಯೇ ಆಗಿರುತ್ತದೆ, ಆದರೂ ಎಣಿಸುವಾಗ ತಪ್ಪು ಬರುತ್ತದೆ. ತಂಡಗಳು ಇದರಲ್ಲಿ ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ.

ಇನ್ನು ಹಾಪರ್. ಇದು ಈ ಕಿಟ್‌ನ ಅತಿ ಕೆಟ್ಟ ಭಾಗ. ಎರಡೂ ಕಡೆ ಒಂದೇ ಥರ ಇಳಿಜಾರು, ಕೆಳಗೆ 25 ಮಿಮೀ ಬಾಯಿ. ನಾಲ್ಕಾರು ಚೆಂಡು ಹಾಕಿದರೆ ಚೆನ್ನಾಗಿ ಬರುತ್ತವೆ. ಕೈತುಂಬ ಹಾಕಿದರೆ ಎರಡು ಮೂರು ಚೆಂಡುಗಳು ಒಂದಕ್ಕೊಂದು ಆನಿಸಿಕೊಂಡು ಬಾಯಿಯ ಮೇಲೆ ಕಮಾನು ಕಟ್ಟುತ್ತವೆ, ಮೇಲಿನ ಭಾರ ಆ ಕಮಾನನ್ನು ಇನ್ನೂ ಬಿಗಿ ಮಾಡುತ್ತದೆ. ಗುಂಡನೆಯ ವಸ್ತುಗಳು ಕಟ್ಟಿಕೊಳ್ಳದೆ ಸರಾಗವಾಗಿ ಹರಿಯಬೇಕಾದರೆ ಬಾಯಿ ಚೆಂಡಿನ ಐದಾರು ಪಟ್ಟು ಅಗಲ ಇರಬೇಕು ಅನ್ನುವುದು ಈ ಕೆಲಸದವರು ಹಿಡಿಯುವ ಅಂದಾಜು. ನಮಗೆ ಒಂದೊಂದೇ ಬರಬೇಕು, ಹಾಗಾಗಿ ಅಷ್ಟು ಅಗಲ ಕೊಡುವ ಹಾಗಿಲ್ಲ. ದಾರಿ ಏನೆಂದರೆ ಒಂದು ಕಡೆಯ ಗೋಡೆಯನ್ನು ನೆಟ್ಟಗೆ ಲಂಬವಾಗಿ ನಿಲ್ಲಿಸಿ. ಎರಡು ಕಡೆಯೂ ಸಮ ಇದ್ದಾಗ ಕಮಾನಿಗೆ ಆಸರೆ ಚೆನ್ನಾಗಿ ಸಿಗುತ್ತದೆ, ಒಂದು ಗೋಡೆ ನೆಟ್ಟಗಾದರೆ ಅದು ಕಷ್ಟ. ಇನ್ನೂ ವಾಸಿ ಅಂದರೆ ಹಾಪರ್ ಗೊಡವೆಯೇ ಬೇಡ, ಒಂದು ಉದ್ದನೆಯ ಕಿರಿದಾದ ಕಾಲುವೆ ಮಾಡಿ ಚೆಂಡುಗಳನ್ನು ಸಾಲಾಗಿ ನಿಲ್ಲಿಸಿ. ಎಂಡಿಎಫ್ ಪಟ್ಟಿಗಳು ಮಿಕ್ಕಿರುತ್ತವೆ, ಅದಕ್ಕೆ ಸಾಕು.

ತೂಗುಪಟ್ಟಿ ಮಾತ್ರ ಬಹಳ ಚೆನ್ನಾಗಿದೆ. ನಡುವೆ ಕೀಲು, ಒಂದು ಕಡೆ ಚೆಂಡು ಕೂರುವ ತಗ್ಗು, ಇನ್ನೊಂದು ಕಡೆ ಬೋಲ್ಟು ನಟ್ಟಿನ ಎದುರುಭಾರ. ಚೆಂಡು ಬಂದು ಕೂತರೆ ಅದರ ತೂಕಕ್ಕೆ ಪಟ್ಟಿ ಬಗ್ಗಿ ಚೆಂಡನ್ನು ಬಿಡುತ್ತದೆ, ಅದೇ ಹೊತ್ತಿಗೆ ಅದರ ಬಾಲ ಮೇಲೆದ್ದು ಮುಂದಿನ ಚೆಂಡನ್ನು ತಡೆಯುತ್ತದೆ, ಭಾರ ಇಳಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಒಂದು ಕೀಲಿನಲ್ಲಿ ಇಷ್ಟು ಕೆಲಸ. ಇದನ್ನು ಯೋಚಿಸಿದವರು ಬೇರೆ, ಪುಸ್ತಿಕೆ ಬರೆದವರು ಬೇರೆ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಎದುರುಭಾರವನ್ನು ಯಾವ ಚೆಂಡಿಗೆ ಹೊಂದಿಸಬೇಕು ಅಂತ ಎಲ್ಲೂ ಹೇಳಿಲ್ಲ. ತಂಡಗಳು ಸಹಜವಾಗಿ ಸಣ್ಣ ಗುಂಡನ್ನು ಇಟ್ಟು ಹೊಂದಿಸುತ್ತವೆ, ಸಣ್ಣದೇ ಹಗುರ ಅಂದುಕೊಂಡು. ತೂಗಿ ನೋಡಿ: 10 ಮಿಮೀ ಸ್ಟೀಲ್ ಗುಂಡು ಸುಮಾರು 4.1 ಗ್ರಾಂ, 16 ಮಿಮೀ ಗೋಲಿ ಸುಮಾರು 5.4 ಗ್ರಾಂ, ಆ ದೊಡ್ಡ ಮರದ ಚೆಂಡು ಸುಮಾರು 2.7 ಗ್ರಾಂ, ಮರದ ಜಾತಿಯ ಮೇಲೆ ಒಂಚೂರು ಹೆಚ್ಚುಕಡಿಮೆ. ಎಲ್ಲಕ್ಕಿಂತ ದೊಡ್ಡದೇ ಎಲ್ಲಕ್ಕಿಂತ ಹಗುರ! ಗುಂಡಿಗೆ ಹೊಂದಿಸಿದ ಪಟ್ಟಿಯ ಮೇಲೆ ಮರದ ಚೆಂಡು ಬಂದು ಕೂತರೆ ಪಟ್ಟಿ ಅಲುಗುವುದೇ ಇಲ್ಲ, ಹಿಂದೆ ಸಾಲು ನಿಲ್ಲುತ್ತದೆ. ಆದ್ದರಿಂದ ಮರದ ಚೆಂಡನ್ನು ಇಟ್ಟು, ಅದು ನಿಧಾನಕ್ಕೆ ಬಗ್ಗುವವರೆಗೆ ನಟ್ಟನ್ನು ಕೀಲಿನ ಕಡೆಗೆ ಸರಿಸಿ.

ಪೆಟ್ಟಿಗೆಯ ಮೇಲೆ "ಗಾತ್ರ ಮತ್ತು ತೂಕದ ಪ್ರಕಾರ ವಿಂಗಡಿಸುತ್ತದೆ" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಹೇಳಿದ ಹಾಗೆ ಜೋಡಿಸಿದರೆ ತೂಕದ ಪ್ರಕಾರ ಏನೂ ಆಗುವುದಿಲ್ಲ. ಇಳಿಜಾರಿಗೆ ತೂಕ ಕಾಣುವುದೇ ಇಲ್ಲ. ಗೆಲಿಲಿಯೋ 1600ರ ಆಸುಪಾಸಿನಲ್ಲಿ ಇಳಿಜಾರಿನ ಮೇಲೆ ಗುಂಡು ಉರುಳಿಸಿ ಬೀಳುವ ವಸ್ತುಗಳ ನಿಯಮ ಹುಡುಕಿದ. ಆ ನಿಯಮದಲ್ಲಿ ತೂಕಕ್ಕೆ ಜಾಗವೇ ಇಲ್ಲ. ಸ್ಟೀಲ್ ಬೇಗ ಬರುತ್ತದೆ ಅಂತ ಈಗಲೂ ಅರ್ಧ ತರಗತಿ ಬಾಜಿ ಕಟ್ಟುತ್ತದೆ. ಟೊಳ್ಳು ಚೆಂಡು ಆದರೆ ವ್ಯತ್ಯಾಸ ಕಾಣುತ್ತದೆ, ತೆಳು ಗೋಡೆಯ ಟೊಳ್ಳು ಗೋಳಕ್ಕೆ 5/7 ಬದಲು 3/5. ಒಂದು ಟೇಬಲ್ ಟೆನಿಸ್ ಚೆಂಡು ತಂದು ಚಪ್ಪಟೆ ಹಲಗೆಯ ಮೇಲೆ ಗೋಲಿಯ ಜೊತೆ ಬಿಟ್ಟು ನೋಡಿ, ಹಿಂದೆ ಬೀಳುತ್ತದೆ. ಆದರೆ ಹಲಗೆಯ ತುದಿಯಿಂದ ಅಡ್ಡಕ್ಕೆ ಹಾರಿಸಿದಾಗ ಇವುಗಳ ದೂರದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಎಂಟರಷ್ಟು. ಗೋಲಿ 30 ಸೆಂಮೀ ದೂರ ಬಿದ್ದರೆ ಟೊಳ್ಳು ಚೆಂಡು 27.5ರ ಹತ್ತಿರ. 40 ಮಿಮೀ ಚೆಂಡಿಗೆ ಆ ಎರಡೂವರೆ ಸೆಂಮೀ ನಂಬಿ ಡಬ್ಬಿ ಇಡುವುದು ಧೈರ್ಯದ ಕೆಲಸ.

ತೂಕದ ವಿಂಗಡಣೆ ಬೇಕೇ ಬೇಕು ಅಂದರೆ ಅದೇ ತೂಗುಪಟ್ಟಿಯನ್ನು ಇನ್ನೊಂದು ಮಾಡಿಕೊಂಡು ಬೇರೆ ಥರ ಬಳಸಿ. ಎದುರುಭಾರವನ್ನು 3.4 ಗ್ರಾಂ ಹತ್ತಿರ ಹೊಂದಿಸಿದರೆ ಮರದ ಚೆಂಡು ಪಟ್ಟಿಯ ಮೇಲೆ ಹಾಗೇ ಉರುಳಿ ದಾಟುತ್ತದೆ, ಗುಂಡು ಮತ್ತು ಗೋಲಿ ಪಟ್ಟಿ ಬಗ್ಗಿಸಿ ಕೆಳಗಿಳಿಯುತ್ತವೆ. ಇಲ್ಲಿ ನಿಜವಾಗಿಯೂ ತೂಕ ನೋಡಿ ಬೇರೆಯಾಗುತ್ತದೆ. ಆ ಎರಡನ್ನು ಆಮೇಲೆ ಹಳಿಯ ಮೇಲೆ ಬಿಡಿ. ಇಷ್ಟು ಮಾಡಿದ ತಂಡಕ್ಕೆ ನಾನು ಕಣ್ಣು ಮುಚ್ಚಿ ಮಾರ್ಕ್ಸ್ ಕೊಡುತ್ತೇನೆ.

ಸ್ಟೀಲ್ ಗುಂಡನ್ನು ಎಳೆಯುವುದಕ್ಕೆ ಇರುವ ಆಯಸ್ಕಾಂತದ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಹಲಗೆಗೆ ತೀರಾ ಹತ್ತಿರ ಇಟ್ಟರೆ ಮೊದಲ ಸ್ಟೀಲ್ ಗುಂಡು ಅಂಟಿಕೊಂಡು ಉಳಿದವಕ್ಕೆ ದಾರಿ ಕಟ್ಟುತ್ತದೆ, ದೂರ ಇಟ್ಟರೆ ಗುಂಡು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಡುವೆ ಅಕ್ರಿಲಿಕ್ ತುಂಡುಗಳನ್ನು ಒಂದೊಂದಾಗಿ ಸೇರಿಸಿ ದೂರ ಹೊಂದಿಸಬಹುದು. ಹಳಿ ಹಾಕುವವರು ಅದನ್ನು ಹಳಿಯ ಹತ್ತಿರ ತರಲೇಬೇಡಿ, ಹಳಿಯೂ ಸ್ಟೀಲೇ.

ಮರದ ಕೆಲಸ ಒಪ್ಪಬಹುದಾದದ್ದು. ಲೇಸರ್ ಸುಟ್ಟ ಅಂಚುಗಳ ಮಸಿ ಕೈಗೆ, ಬಟ್ಟೆಗೆ ಅಂಟುತ್ತದೆ, ಜೋಡಿಸುವ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಚೆಂಡು ಉರುಳುವ ಕಡೆ ಸ್ಯಾಂಡ್ ಪೇಪರ್ ಹೊಡೆಯಿರಿ. ನೀರು ತಾಗಿಸಬೇಡಿ, ಎಂಡಿಎಫ್ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಲೇಸರ್ ಒಂದಿಷ್ಟು ತಿನ್ನುವುದರಿಂದ ಕೆಲವು ಸಂದುಗಳು ಸಡಿಲ. ಅಂಟು ಹಾಕಬೇಕು ಅನಿಸುತ್ತದೆ, ಹಾಕಬೇಡಿ. ಅಂಟಿಸಿದರೆ ಬಿಚ್ಚಿ ಬದಲಾಯಿಸುವುದಕ್ಕೆ ಆಗುವುದಿಲ್ಲ, ಈ ಕಿಟ್‌ನಲ್ಲಿ ಬದಲಾಯಿಸುವುದೇ ಮುಖ್ಯ ಕೆಲಸ. ಕಾಗದದ ಟೇಪ್ ಒಂದು ಸುತ್ತು ಹಾಕಿದರೆ ಬಿಗಿಯಾಗುತ್ತದೆ.

ಸರ್ವಿಸ್ ಬಗ್ಗೆ: ಒಂದು ಪೆಟ್ಟಿಗೆಯಲ್ಲಿ ಕೀಲಿನ ಬೋಲ್ಟು ಇರಲಿಲ್ಲ. ಬರೆದಾಗ ತಡವಾಗಿಯಾದರೂ ಕಳಿಸಿಕೊಟ್ಟರು. 15 ಡಿಗ್ರಿ ಯಾಕೆ ಅಂತ ಕೇಳಿದ್ದಕ್ಕೆ ಪುಸ್ತಿಕೆಯ ಅದೇ ಪುಟದ ಫೋಟೋ ಬಂತು.

ಯಾರು ತೆಗೆದುಕೊಳ್ಳಬಹುದು? ಜೋಡಿಸಿ, ಫೋಟೋ ತೆಗೆದು, ಒಪ್ಪಿಸಿ ಕೈ ತೊಳೆದುಕೊಳ್ಳಬೇಕು ಅನ್ನುವವರಿಗೆ ಇದು ಬೇಡ, ಡೆಮೋ ದಿನ ಮಾನ ಕಳೆಯುತ್ತದೆ. ಲೇಸರ್ ಕಟಿಂಗ್ ಕೈಗೆ ಸಿಗುವವರಿಗೂ ಬೇಡ, ಎರಡು ಸರಳು ಮತ್ತು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇದಕ್ಕಿಂತ ಒಳ್ಳೆಯದು ಮಾಡಬಹುದು. ಸಮಯ ಇದೆ, ಸಾಮಾನು ಹುಡುಕುವ ತಾಪತ್ರಯ ಬೇಡ, ಆದರೆ ವಿನ್ಯಾಸ ನಮ್ಮದೇ ಇರಲಿ ಅನ್ನುವ ತಂಡಕ್ಕೆ ಇದು ಸರಿ. ಪರೀಕ್ಷೆ ಮಾಡುವಾಗ ಮೂರೂ ಬೆರಸಿದ ಕನಿಷ್ಠ 100 ಚೆಂಡು ಬಿಟ್ಟು, ಯಾವುದು ಯಾವ ಡಬ್ಬಿಗೆ ಹೋಯಿತು ಅಂತ ಮೂರಡ್ಡ ಮೂರು ಚೌಕದ ಪಟ್ಟಿ ಮಾಡಿ ವರದಿಯಲ್ಲಿ ಹಾಕಿ. "ನೂರಕ್ಕೆ ಇಷ್ಟು ಸರಿ" ಅನ್ನುವ ಒಂದೇ ಅಂಕಿ ಕೊಟ್ಟರೆ ಗೋಲಿ ತಪ್ಪಿತೋ ಗುಂಡು ತಪ್ಪಿತೋ ತಿಳಿಯುವುದಿಲ್ಲ. ಆರ್ಡರ್ ಮಾಡುವಾಗ ಜೊತೆಗೆ ಎಂ3 ನೈಲಾನ್ ಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವುದು) ಒಂದು ಡಜನ್ ತೆಗೆದುಕೊಳ್ಳಿ. ಕಿಟ್‌ನಲ್ಲಿ ಬರುವ ಸಾದಾ ನಟ್ಟು ತೂಗುಪಟ್ಟಿಯ ಅಲುಗಾಟಕ್ಕೆ ಸಡಿಲವಾಗಿ ಎದುರುಭಾರವನ್ನು ಜಾಗ ತಪ್ಪಿಸುತ್ತದೆ.